ಮಳೆಗಾಲದಲ್ಲೂ ಬೂಷ್ಟು ಹಿಡಿಯದ ಅಡಿಕೆ ಹಾಳೆ ಫಲಕ: ಮನೆಮಂದಿ ಸೇರಿ ಮಾಡುವ ಕ್ರಮ

ಪ್ರತಿ ವರ್ಷ ಜುಲೈ ಬಂದರೆ ಇದೇ ಮಾತು ಕೇಳುತ್ತೇನೆ. “ಏಪ್ರಿಲ್ ರಜೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಅಡಿಕೆ ಹಾಳೆ ಮೇಲೆ ಚಿತ್ತಾರ ಬರೆದಿದ್ವಿ ಅಕ್ಕಾ. ಸುತ್ತ ಚಿಪ್ಪು ಅಂಟಿಸಿ ಹಾಲ್‌ನಲ್ಲಿ ತೂಗು ಹಾಕಿದ್ವಿ. ಈಗ ನೋಡಿದ್ರೆ ಹಿಂದೆಲ್ಲ ಬೂಷ್ಟು, ಚಿಪ್ಪು ಒಂದೊಂದೇ ಉದುರ್ತಿದೆ.” ಕಾರವಾರದವರು, ಅಂಕೋಲಾದವರು, ಕುಮಟಾದವರು ಹೇಳುತ್ತಾರೆ. ಘಟ್ಟದ ಮೇಲಿನ ಶಿರಸಿ ಕಡೆಯವರೂ ಇದನ್ನೇ ಹೇಳುತ್ತಾರೆ.

ನನಗೂ ಹೀಗೇ ಆಗಿತ್ತು. ಮೊದಲ ಸಲ ಮಾಡಿದ ಫಲಕವನ್ನು ಜೂನ್ ಕೊನೆಯಲ್ಲಿ ಗೋಡೆಯಿಂದ ಇಳಿಸಿದೆ. ಎದುರಿನ ಭಾಗ ಕೆಂಪಗೆ ಚೆನ್ನಾಗಿಯೇ ಇತ್ತು. ತಿರುಗಿಸಿದರೆ ಹಿಂಬದಿಯಲ್ಲಿ ಅಂಗೈ ಅಗಲದ ಬೂದು ಹಸಿರು ಬೂಷ್ಟು, ಮಖಮಲ್ಲಿನ ಹಾಗೆ ಮೆತ್ತಗೆ. ಒದ್ದೆ ಗೋಣಿಚೀಲದ ವಾಸನೆ. ಬೆರಳು ಒತ್ತಿದರೆ ಹಾಳೆ ಒಳಗೆ ಹೋಗುತ್ತಿತ್ತು. ಮಗಳು ಅತ್ತೇಬಿಟ್ಟಳು.

ಆಮೇಲೆ ನಾಲ್ಕೈದು ಸಲ ಮಾಡಿ ನೋಡಿದ ಮೇಲೆ ಒಂದು ಗೊತ್ತಾಯಿತು. ಚಿತ್ರ ಬರೆಯುವುದು ಇದರಲ್ಲಿ ಚಿಕ್ಕ ಕೆಲಸ. ಹಾಳೆಯ ನೀರು, ಚಿಪ್ಪಿನ ಉಪ್ಪು, ಗೋಡೆಯ ತೇವ, ಈ ಮೂರನ್ನೂ ಮೊದಲು ಮುಗಿಸಿಕೊಳ್ಳಬೇಕು. ಬಣ್ಣದ ಡಬ್ಬಿ ತೆಗೆಯುವುದು ಆಮೇಲೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಹಿಂದೆ ಮುಂದೆ ಮಾಡಬೇಡಿ.

## ಯಾವಾಗ ಶುರು ಮಾಡಬೇಕು

ಫೆಬ್ರವರಿಯಿಂದ ಏಪ್ರಿಲ್ ಮಧ್ಯದವರೆಗೆ ಒಳ್ಳೆಯ ಸಮಯ. ಒಟ್ಟು 15ರಿಂದ 18 ದಿನ ಬೇಕು. ಅಷ್ಟು ದಿನವೂ ಕೂತು ಮಾಡುವ ಕೆಲಸ ಅಲ್ಲ, ಹೆಚ್ಚಿನ ದಿನ ಬರೀ ಒಣಗುವುದು. ಕೈಗೆ ಕೆಲಸ ಇರುವುದು ಎಲ್ಲ ಸೇರಿ ಐದಾರು ಗಂಟೆ. ಮೇ ಮೂರನೇ ವಾರದಲ್ಲಿ ಶುರು ಮಾಡುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಆಗ ಕರಾವಳಿಯ ಗಾಳಿಯಲ್ಲೇ ನೀರಿರುತ್ತದೆ. ಎಷ್ಟು ಬಿಸಿಲಿಗಿಟ್ಟರೂ ರಾತ್ರಿ ಹೊತ್ತಿಗೆ ಹಾಳೆ ಮತ್ತೆ ಮೆತ್ತಗಾಗುತ್ತದೆ.

## ಬೇಕಾಗುವ ಸಾಮಾನು

ಮನೆಯಲ್ಲೇ ಸಿಗುವುದು: ಅಡಿಕೆ ಹಾಳೆ 2 (ಒಂದು ಕೆಟ್ಟರೆ ಇನ್ನೊಂದು ಇರಲಿ), ಅಡಿಗೆಮನೆಯಲ್ಲಿ ಉಳಿದ ಬಳಚು (ಹಿನ್ನೀರಲ್ಲಿ ಸಿಗುವ, ಎರಡು ಚಿಪ್ಪಿನ ಜೀವಿ) ಚಿಪ್ಪು, ಎರಡು ಹಲಗೆ, ಒಂದು ಚಿರೆಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು) ಅಥವಾ ನಾಲ್ಕು ಇಟ್ಟಿಗೆ, ಹಳೆ ಪೇಪರ್, ಹಳೆ ಹವಾಯಿ ಚಪ್ಪಲಿ, ಕೆಮ್ಮಣ್ಣು, ಗೋಡೆಗೆ ಹೊಡೆದು ಉಳಿದ ಬಿಳಿ ಎಮಲ್ಷನ್ ಬಣ್ಣ, ಅಡಿಗೆಮನೆಯ ಡಿಜಿಟಲ್ ತಕ್ಕಡಿ.

ಅಂಗಡಿಯಿಂದ ತರುವುದು: ಬಿಳಿಗಾರ (ಬೋರಾಕ್ಸ್) 50 ಗ್ರಾಂ, 120 ಮತ್ತು 220 ನಂಬರಿನ ಸ್ಯಾಂಡ್ ಪೇಪರ್ ಒಂದೊಂದು, ನೀರು ತಡೆಯುವ ಮರದ ಅಂಟು ಚಿಕ್ಕ ಡಬ್ಬಿ, ಎರಡು ಟ್ಯೂಬಿನ ಎಪಾಕ್ಸಿ ಅಂಟು, ಬಣ್ಣವಿಲ್ಲದ ವಾರ್ನಿಶ್ ಚಿಕ್ಕ ಡಬ್ಬಿ, ಕತ್ತದ ಹುರಿ, ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ.

ಸಣಬಿನ ಹುರಿ ನೋಡಲು ಚೆಂದ ಅಂತ ಹೆಚ್ಚಿನವರು ಅದನ್ನೇ ತರುತ್ತಾರೆ. ನಮ್ಮ ಕಡೆ ಅದು ಬೇಗ ಬೂಷ್ಟು ಹಿಡಿಯುತ್ತದೆ. ಕತ್ತದ ಹುರಿ ನೀರಿಗೆ ಅಷ್ಟು ಬೇಗ ಕೊಳೆಯುವುದಿಲ್ಲ, ಬೆಲೆಯೂ ಕಡಿಮೆ.

## ಹಂತ 1: ಮೊದಲು ಗೋಡೆ ಪರೀಕ್ಷೆ ಮಾಡಿ

ಚಿರೆಕಲ್ಲಿನ ಗೋಡೆ ನೀರು ಕುಡಿಯುತ್ತದೆ. ನೆಲದ ತೇವ ಗೋಡೆ ಹಿಡಿದು ಮೇಲೇರುತ್ತದೆ. ಹಾಗಾಗಿ ಫಲಕ ಎಲ್ಲಿ ತೂಗು ಹಾಕುವುದು ಅಂತ ಈಗಲೇ ನಿರ್ಧರಿಸಿ.

ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಬಿಗಿಯಾಗಿ ಅಂಟಿಸಿ. 48 ಗಂಟೆ ಬಿಡಿ. ಪ್ಲಾಸ್ಟಿಕ್‌ನ ಒಳಮೈಯಲ್ಲಿ, ಅಂದರೆ ಗೋಡೆ ಕಡೆ ನೀರಿನ ಹನಿ ಕಂಡರೆ ಗೋಡೆಯೊಳಗಿಂದಲೇ ತೇವ ಬರುತ್ತಿದೆ. ಆ ಜಾಗ ಬಿಟ್ಟುಬಿಡಿ. ಹನಿ ಹೊರಮೈಯಲ್ಲಿದ್ದರೆ ಅದು ಕೋಣೆಯ ಗಾಳಿಯ ತೇವ. ಕಿಟಕಿ ತೆರೆದು ಗಾಳಿ ಆಡಿಸಿದರೆ ಸಾಕಾಗುತ್ತದೆ.

ನೈಋತ್ಯ ಮತ್ತು ಪಶ್ಚಿಮದ ಹೊರಗೋಡೆಗೆ ಮಳೆ ನೇರವಾಗಿ ಹೊಡೆಯುತ್ತದೆ. ಅದರ ಒಳಮೈಗೆ ಏನನ್ನೂ ತೂಗು ಹಾಕಬೇಡಿ. ಎರಡು ಕೋಣೆಗಳ ನಡುವಿನ ಗೋಡೆ ಎಲ್ಲಕ್ಕಿಂತ ಒಳ್ಳೆಯದು. ಎಚ್ಚರದ ಗುರುತು ಬೇಕಾದರೆ, ಬಣ್ಣ ಗುಳ್ಳೆ ಎದ್ದಿರುವುದು ಅಥವಾ ಬಿಳಿ ಪುಡಿಯ ಹಾಗೆ ಉಪ್ಪು ಬಿಟ್ಟಿರುವುದು. ಅದರ ಮೇಲೆ ಚಿತ್ರ ಹಾಕಿ ಮುಚ್ಚಿದರೆ ಗೋಡೆಯೂ ಕೆಡುತ್ತದೆ, ಚಿತ್ರವೂ ಕೆಡುತ್ತದೆ.

## ಹಂತ 2: ಹಾಳೆ ಆರಿಸಿ, ತೊಳೆದು, ಚಪ್ಪಟೆ ಮಾಡಿ

ಮರದಿಂದ ಬಿದ್ದು ಎರಡು ಮೂರು ದಿನದೊಳಗಿನ ಹಾಳೆ ಬೇಕು. ಒಳಮೈ ಕೆನೆ ಬಣ್ಣಕ್ಕಿರಬೇಕು. ಕಪ್ಪು ಚುಕ್ಕೆ ಇದ್ದರೆ ಬೂಷ್ಟು ಆಗಲೇ ಒಳಗೆ ಇಳಿದಿದೆ ಅಂತ ಅರ್ಥ, ತೊಳೆದರೆ ಹೋಗುವುದಿಲ್ಲ. ಕಾರವಾರದವರು ತೋಟ ಇರುವ ನೆಂಟರಿಗೆ ಹೇಳಿಡಿ. ಘಟ್ಟದ ಮೇಲಿಂದ ಬರುವಾಗ ಒಂದು ಕಟ್ಟು ಹಾಳೆ ತರುವುದು ಯಾರಿಗೂ ಭಾರವಲ್ಲ.

ತೆಂಗಿನ ಸಿಪ್ಪೆಯಿಂದ ಎರಡೂ ಬದಿ ತಿಕ್ಕಿ ತೊಳೆಯಿರಿ. ಮಕ್ಕಳಿಗೆ ಕೊಡಬಹುದಾದ ಮೊದಲ ಕೆಲಸ ಇದು. ಆಮೇಲೆ ಹಾಳೆಯನ್ನು 20ರಿಂದ 30 ನಿಮಿಷ ನೀರಲ್ಲಿ ಮುಳುಗಿಸಿಡಿ. ಅದು ಬಟ್ಟೆಯ ಹಾಗೆ ಬಾಗುತ್ತದೆ. ಆಗ ನಡುವಿನ ದಪ್ಪ ಭಾಗದಿಂದ 12 ಇಂಚು ಉದ್ದ, 8 ಇಂಚು ಅಗಲದ ತುಂಡು ಕತ್ತರಿಸಿ. ಒಣ ಹಾಳೆಯನ್ನು ಕತ್ತರಿಸಲು ಹೋದರೆ ಅಂಚು ಸೀಳುತ್ತದೆ.

ಒಳಮೈಯಲ್ಲಿ ಈರುಳ್ಳಿ ಸಿಪ್ಪೆಯಂಥ ಒಂದು ತೆಳು ಪೊರೆ ಇರುತ್ತದೆ. ಹಾಳೆ ಒದ್ದೆ ಇರುವಾಗಲೇ ಮೂಲೆಯಲ್ಲಿ ಉಗುರು ಹಾಕಿ ಎತ್ತಿ ನೋಡಿ. ಎದ್ದು ಬಂದರೆ ಪೂರ್ತಿ ತೆಗೆದುಬಿಡಿ. ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತದೆ ಅಂತ ದೂರು ಹೇಳುವವರಲ್ಲಿ ಮುಕ್ಕಾಲು ಜನ ಈ ಪೊರೆಯ ಮೇಲೇ ಬಣ್ಣ ಹಚ್ಚಿರುತ್ತಾರೆ. ಬಣ್ಣ ಹಿಡಿದುಕೊಂಡೇ ಇರುತ್ತದೆ, ಪೊರೆ ಬಿಡುತ್ತದೆ.

ಈಗ ಬಿಳಿಗಾರದ ನೀರು. 1 ಲೀಟರ್ ಬಿಸಿನೀರಿಗೆ 3 ಚಮಚ ಬಿಳಿಗಾರ ಕರಗಿಸಿ, ಬ್ರಷ್‌ನಿಂದ ಎರಡೂ ಬದಿಗೆ, ಅಂಚಿಗೂ ಹಚ್ಚಿ. ಇದು ಬೂಷ್ಟನ್ನೂ ಹುಳವನ್ನೂ ತಡೆಯುತ್ತದೆ. ಹೊಟ್ಟೆಗೆ ಹೋದರೆ ವಿಷ. ಈ ಕೆಲಸ ದೊಡ್ಡವರೇ ಮಾಡಿ, ಅಡಿಗೆ ಪಾತ್ರೆ ಬಳಸಬೇಡಿ.

ಬಿಳಿಗಾರದ ಬದಲು ಉಪ್ಪುನೀರಲ್ಲಿ ಕುದಿಸುವವರಿದ್ದಾರೆ. ದಯವಿಟ್ಟು ಬೇಡ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಡಬ್ಬಿಯಲ್ಲಿಟ್ಟ ಕಲ್ಲುಪ್ಪು ಜೂನ್‌ನಲ್ಲಿ ನೀರಾಗುವುದನ್ನು ನೋಡಿದ್ದೀರಲ್ವಾ, ಹಾಳೆಯಲ್ಲೂ ಹಾಗೇ ಆಗುತ್ತದೆ.

## ಹಂತ 3: ತೂಕ ನೋಡಿ ಒಣಗಿಸಿ

ಇಲ್ಲೇ ಎಲ್ಲರೂ ಸೋಲುವುದು. ಮುಟ್ಟಿದರೆ ಒಣಗಿದ ಹಾಗಿರುತ್ತದೆ, ಒಳಗೆ ನೀರಿರುತ್ತದೆ.

ಹಲಗೆ, ಅದರ ಮೇಲೆ ಪೇಪರ್, ಹಾಳೆ, ಮತ್ತೆ ಪೇಪರ್, ಮತ್ತೆ ಹಲಗೆ, ಮೇಲೆ ಚಿರೆಕಲ್ಲು. ನೆರಳಲ್ಲಿ, ಗಾಳಿ ಆಡುವ ಜಾಗದಲ್ಲಿ ಎರಡು ದಿನ ಇಡಿ. ದಿನಕ್ಕೆ ಎರಡು ಸಲ ಪೇಪರ್ ಬದಲಿಸಿ. ಒದ್ದೆ ಪೇಪರ್ ಹಾಗೇ ಬಿಟ್ಟರೆ ಅಲ್ಲೇ ಬೂಷ್ಟು ಶುರುವಾಗುತ್ತದೆ. ಮೂರನೇ ದಿನದಿಂದ ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರವರೆಗೆ ಬಿಸಿಲಿಗಿಡಿ, ಗಂಟೆಗೊಮ್ಮೆ ಮಗುಚಿ. ಸಂಜೆ ಮತ್ತೆ ಹಲಗೆ ಮಧ್ಯೆ ಸೇರಿಸಿ. ರಾತ್ರಿ ಅಂಗಳದಲ್ಲಿ ಬಿಡಬೇಡಿ. ಶಿರಸಿ, ಸಿದ್ದಾಪುರದ ಕಡೆ ಫೆಬ್ರವರಿಯಲ್ಲೂ ಬೆಳಗಿನ ಇಬ್ಬನಿ ಜಾಸ್ತಿ, ಹಿಂದಿನ ದಿನ ಹೋದ ತೇವವೆಲ್ಲ ವಾಪಸ್ ಬರುತ್ತದೆ.

ಒಣಗಿದೆಯೋ ಇಲ್ಲವೋ ಅಂತ ಕೈಯನ್ನು ಕೇಳಬೇಡಿ, ತಕ್ಕಡಿಯನ್ನು ಕೇಳಿ. ಪ್ರತಿದಿನ ಮಧ್ಯಾಹ್ನ 3ಕ್ಕೆ ಹಾಳೆಯನ್ನು ತೂಗಿ ಗೋಡೆ ಕ್ಯಾಲೆಂಡರ್‌ನಲ್ಲಿ ಬರೆದಿಡಿ. ನಮ್ಮನೆಯಲ್ಲಿ ಇದು ಮಗಳ ಕೆಲಸ. ಮೊದಲ ದಿನಗಳಲ್ಲಿ ತೂಕ ಭರಭರನೆ ಇಳಿಯುತ್ತದೆ, ಆಮೇಲೆ ಒಂದೆರಡು ಗ್ರಾಂ. ಸತತ ಮೂರು ದಿನ ಒಂದೇ ಅಂಕಿ ಬಂದರೆ ಒಣಗಿದೆ. ಒಂದು ದಿನ ತೂಕ ಏರಿದರೆ ಇನ್ನೂ ತೇವ ಎಳೆಯುತ್ತಿದೆ ಅಂತ ಅರ್ಥ, ಮತ್ತೆ ಬಿಸಿಲಿಗೆ ಹಾಕಿ. ಪೂರ್ತಿ ಒಣಗಿದ ಹಾಳೆಯನ್ನು ಉಗುರಿನಿಂದ ತಟ್ಟಿದರೆ ಹಪ್ಪಳ ತಟ್ಟಿದ ಹಾಗೆ ಟಣ್ ಅನ್ನುತ್ತದೆ. ತೇವ ಇದ್ದರೆ ಧಪ್ ಅನ್ನುವ ಸದ್ದು.

ಬೇಗ ಆಗಲಿ ಅಂತ ಒಲೆ ಮೇಲೆ ಹಿಡಿಯುವುದು, ಇಸ್ತ್ರಿ ಪೆಟ್ಟಿಗೆ ಒತ್ತುವುದು ಬೇಡ. ಮೇಲ್ಮೈ ಒಣಗಿ ಒಳಗೆ ಹಾಗೇ ಉಳಿಯುತ್ತದೆ, ಹಾಳೆ ಸುರುಳಿ ಸುತ್ತುತ್ತದೆ.

ಒಣಗಿದ ಮೇಲೆ ಹಿಂಬದಿಗೆ ಅಡ್ಡಲಾಗಿ ಎರಡು ತೆಳು ಅಡಿಕೆ ದಬ್ಬೆ (ಅಡಿಕೆ ಮರ ಸೀಳಿದ ಪಟ್ಟಿ) ಕಟ್ಟಿ. ದಬ್ಬೆಯೂ ಚೆನ್ನಾಗಿ ಒಣಗಿರಬೇಕು. ಬಿಸಿ ಸೂಜಿಯಿಂದ ಹಾಳೆಗೆ ತೂತು ಮಾಡಿ ಹುರಿ ಪೋಣಿಸಿ ಬಿಗಿಯಿರಿ. ಫಲಕ ಮುಂದೆ ಬಾಗುವುದಿಲ್ಲ, ಗೋಡೆಗೂ ಹಾಳೆಗೂ ನಡುವೆ ಜಾಗ ಸಿಗುತ್ತದೆ.

## ಹಂತ 4: ಹಾಳೆ ಒಣಗುವಾಗ ಚಿಪ್ಪಿನ ಉಪ್ಪು ತೆಗೆಯಿರಿ

ಅಘನಾಶಿನಿ, ಕಾಳಿ ನದಿಗಳ ಹಿನ್ನೀರಿನ ಬಳಚು ತಿನ್ನುವ ಮನೆಗಳಲ್ಲಿ ಚಿಪ್ಪಿಗೆ ಬರವಿಲ್ಲ. ಪಲ್ಯ ಮಾಡಿದ ದಿನ 60-70 ಚಿಪ್ಪು ತೆಗೆದಿಡಿ. ತಿನ್ನದವರು ಕಡಲ ದಂಡೆಯಲ್ಲಿ ಖಾಲಿ ಚಿಪ್ಪು ಮಾತ್ರ ಹೆಕ್ಕಿ. ಒಳಗೆ ಜೀವ ಇದ್ದರೆ, ಏಡಿ ಮನೆ ಮಾಡಿಕೊಂಡಿದ್ದರೆ ಅಲ್ಲೇ ಬಿಡಿ. ಹವಳದ ತುಂಡು, ಕಡಲ ಬೀಸಣಿಗೆ ಸಿಕ್ಕರೂ ಮನೆಗೆ ತರಬೇಡಿ. ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಇದನ್ನು ಮಕ್ಕಳಿಗೂ ಹೇಳಿಕೊಡಿ.

ಚಿಪ್ಪನ್ನು 10 ನಿಮಿಷ ಕುದಿಸಿ, ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಕೀಲಿನ ಹತ್ತಿರ ತಿಕ್ಕಿ. ಅಲ್ಲಿ ಒಂದು ಚೂರು ಮಾಂಸ ಉಳಿದರೂ ಎರಡು ದಿನಕ್ಕೆ ನಾರುತ್ತದೆ, ಇರುವೆ ಬರುತ್ತದೆ. ಆಮೇಲೆ ಸಿಹಿನೀರಲ್ಲಿ ನೆನೆಹಾಕಿ. ದಿನಕ್ಕೊಮ್ಮೆ ನೀರು ಬದಲಿಸಿ, ಒಟ್ಟು ಮೂರು ದಿನ. ಉಪ್ಪು ಹೋಗುವುದು ಹೀಗೆ ಮಾತ್ರ. ಸುಮ್ನೆ ನಲ್ಲಿ ಕೆಳಗೆ ಹಿಡಿದು ತೊಳೆದ ಚಿಪ್ಪು ಜುಲೈಯಲ್ಲಿ ಬೆವರುತ್ತದೆ, ಅಂಟು ಬಿಡುತ್ತದೆ. ಮೂರನೇ ದಿನದ ನೀರಿನ ಒಂದು ಹನಿಯನ್ನು ಕಪ್ಪು ತಟ್ಟೆ ಮೇಲೆ ಒಣಗಿಸಿ ನೋಡಿ. ದಟ್ಟ ಬಿಳಿ ಉಂಗುರ ಉಳಿದರೆ ಇನ್ನೂ ಒಂದು ದಿನ ನೆನೆಸಿ.

ವಿನೆಗರ್, ನಿಂಬೆರಸ, ಹುಣಸೆಹುಳಿ ಹಾಕಬೇಡಿ. ಚಿಪ್ಪು ಸುಣ್ಣದ್ದು, ಹುಳಿಗೆ ಕರಗುತ್ತದೆ. ಹೊಳಪು ಹೋಗಿ ಸೀಮೆಸುಣ್ಣದ ಹಾಗೆ ಆಗುತ್ತದೆ. ವಾಸನೆ ತೀರಾ ಇದ್ದರೆ ತೆಳುವಾದ ಬ್ಲೀಚಿಂಗ್ ಪುಡಿ ನೀರಲ್ಲಿ ಅರ್ಧ ಗಂಟೆ ಇಟ್ಟು ಚೆನ್ನಾಗಿ ತೊಳೆಯಿರಿ. ಆ ನೀರಿಗೆ ಬಾತ್ರೂಮ್ ಕ್ಲೀನರ್, ಆ್ಯಸಿಡ್ ಯಾವುದೂ ಬೆರೆಯಬಾರದು, ವಿಷದ ಗಾಳಿ ಏಳುತ್ತದೆ.

## ಹಂತ 5: ಕೆಮ್ಮಣ್ಣಿನ ಬಣ್ಣ

ಮಣ್ಣನ್ನು ನೇರವಾಗಿ ಕಲಸಿದರೆ ಮರಳು ಉಳಿದು ಗೆರೆ ಎಲ್ಲ ಒರಟಾಗುತ್ತದೆ. ಒಂದು ಬಕೆಟ್ ನೀರಿಗೆ ನಾಲ್ಕು ಮುಷ್ಟಿ ಕೆಮ್ಮಣ್ಣು ಹಾಕಿ ಕಲಕಿ. ಒಂದು ನಿಮಿಷ ಬಿಡಿ. ಮರಳು ತಳಕ್ಕೆ ಹೋಗುತ್ತದೆ. ಮೇಲಿನ ಕೆಂಪು ನೀರನ್ನು ಹಳೆ ಪಂಚೆಯಲ್ಲಿ ಸೋಸಿ ಬೇರೆ ಪಾತ್ರೆಗೆ ಬಗ್ಗಿಸಿ. ಬೆಳಿಗ್ಗೆ ಹೊತ್ತಿಗೆ ತಳದಲ್ಲಿ ಬೆಣ್ಣೆಯಂಥ ಕೆಸರು ಕೂತಿರುತ್ತದೆ. ಮೇಲಿನ ತಿಳಿನೀರು ಚೆಲ್ಲಿ, ಕೆಸರನ್ನು ಒಣಗಿಸಿ ಪುಡಿ ಮಾಡಿ.

ಪುಡಿ 4 ಚಮಚ, ನೀರು ತಡೆಯುವ ಅಂಟು 1 ಚಮಚ, ನೀರ್ ದೋಸೆ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಆಗುವಷ್ಟು ನೀರು. ಉಳಿದ ಹಾಳೆ ಚೂರಿಗೆ ಹಚ್ಚಿ ಒಣಗಿಸಿ, ಬೆರಳಿಂದ ಉಜ್ಜಿ. ಬೆರಳು ಕೆಂಪಾದರೆ ಅಂಟು ಸಾಲದು. ಪ್ಲಾಸ್ಟಿಕ್ ಹಾಗೆ ಹೊಳೆದರೆ ಜಾಸ್ತಿಯಾಗಿದೆ.

ಫಲಕದ ಮೈಯನ್ನು 120ರ ಪೇಪರ್‌ನಿಂದ ಹಗುರವಾಗಿ ಉಜ್ಜಿ, ಧೂಳು ಒರೆಸಿ. ಸುತ್ತ ಎರಡು ಬೆರಳು ಅಗಲದ ಅಂಚನ್ನು ಬಣ್ಣ ಹಚ್ಚದೆ ಬಿಡಿ. ಚಿಪ್ಪು ಕೂರುವುದು ಅಲ್ಲಿ. ನಡುವೆ ತೆಳುವಾಗಿ ಎರಡು ಸಲ ಬಣ್ಣ ಹಚ್ಚಿ, ಒಂದಕ್ಕೂ ಇನ್ನೊಂದಕ್ಕೂ ಅರ್ಧ ದಿನ ಬಿಡುವು. ಒಮ್ಮೆಲೇ ದಪ್ಪ ಹಚ್ಚಿದರೆ ಕೆರೆ ಒಣಗಿದ ಹಾಗೆ ಬಿರುಕು ಬರುತ್ತದೆ.

## ಹಂತ 6: ಎಳೆ ಬರೆಯುವುದು

ಸಾಗರ, ಸಿದ್ದಾಪುರ, ಶಿರಸಿ ಕಡೆ ದೀವರ ಸಮುದಾಯದ ಮನೆಗಳ ಹೆಂಗಸರು ಕೆಮ್ಮಣ್ಣಿನ ಗೋಡೆ ಮೇಲೆ ಅಕ್ಕಿ ಅರೆದ ಬಿಳಿಯಿಂದ ಚಿತ್ತಾರ ಬರೆಯುತ್ತಾರೆ. ಬ್ರಷ್ಷಿಗೆ ಪುಂಡಿ ಗಿಡದ ನಾರು. ನೋಡಿ ಕಲಿಯಬೇಕಾದದ್ದು ಅವರ ಕೈಯ ಸ್ಥಿರತೆ. ಆದರೆ ನಮ್ಮ ಫಲಕಕ್ಕೆ ಅಕ್ಕಿ ಹಿಟ್ಟು ಬೇಡ. ಅಕ್ಕಿಯ ಗಂಜಿ ಬೂಷ್ಟಿಗೆ ಊಟ ಇದ್ದ ಹಾಗೆ. ಮುಚ್ಚಿದ ಕಿಟಕಿಯ ಕರಾವಳಿ ಮನೆಯಲ್ಲಿ ಬಿಳಿ ಗೆರೆಯ ಮೇಲೇ ಕಪ್ಪು ಚುಕ್ಕೆ ಸಾಲುಗಟ್ಟಿ ಬರುವುದನ್ನು ನಾನು ನೋಡಿದ್ದೇನೆ. ಉಳಿದ ಬಿಳಿ ಎಮಲ್ಷನ್‌ಗೆ ಸ್ವಲ್ಪ ನೀರು ಬೆರೆಸಿ, ಹಾಲಿಗಿಂತ ಗಟ್ಟಿ, ಮೊಸರಿಗಿಂತ ತೆಳು.

ಮೊದಲು ಹೊರ ಚೌಕ. ದಾರಕ್ಕೆ ಸೀಮೆಸುಣ್ಣ ಹಚ್ಚಿ, ಇಬ್ಬರು ಎರಡು ತುದಿ ಬಿಗಿಯಾಗಿ ಹಿಡಿದು, ನಡುವೆ ಎತ್ತಿ ಬಿಟ್ಟರೆ ನೇರ ಗೆರೆ ಬೀಳುತ್ತದೆ. ಆಚಾರಿಗಳು ಮಾಡುವುದೂ ಹೀಗೇ. ಆಮೇಲೆ ಚೌಕದೊಳಗೆ ಅಡ್ಡ, ಉದ್ದ, ಓರೆ ಗೆರೆ, ಕೊನೆಗೆ ತ್ರಿಕೋನ ತುಂಬುವುದು. ನಡುವಿನ ಚಿತ್ರದಿಂದ ಶುರು ಮಾಡಿದರೆ ಅಂಚು ತಲುಪುವಾಗ ಅಳತೆ ತಪ್ಪಿರುತ್ತದೆ. ನಾರಿನ ತುದಿಯಿಂದ ಚುಚ್ಚಿ ಬರೆಯಬೇಡಿ. ನಾರನ್ನು ಉದ್ದಕ್ಕೆ ಮಲಗಿಸಿ ನಿಧಾನ ಎಳೆಯಿರಿ, ಗೆರೆ ಒಂದೇ ಅಗಲಕ್ಕೆ ಬರುತ್ತದೆ. ಮಕ್ಕಳಿಗೆ ತ್ರಿಕೋನ ತುಂಬಲು ಕೊಡಿ. ಗೆರೆ ಸ್ವಲ್ಪ ಸೊಟ್ಟಾದರೆ ಬಿಡಿ, ಅದು ಅವರ ಕೈಯ ಗುರುತು.

## ಹಂತ 7: ಚಿಪ್ಪು ಅಂಟಿಸುವುದು

ಬಿಟ್ಟ ಅಂಚನ್ನು ಇನ್ನೊಮ್ಮೆ ಉಜ್ಜಿ. ಮೊದಲು ಅಂಟಿಲ್ಲದೆ ಚಿಪ್ಪನ್ನು ಜೋಡಿಸಿ ನೋಡಿ, ಅಳತೆ ಸರಿಹೋದ ಮೇಲೆ ಎಪಾಕ್ಸಿ ಕಲಸಿ. ಎರಡೂ ಟ್ಯೂಬು ಸಮ ಪ್ರಮಾಣ. ಒಂದು ಸಲಕ್ಕೆ 10 ಚಿಪ್ಪಿಗೆ ಆಗುವಷ್ಟೇ ಕಲಸಿ, ಬೇಗ ಗಟ್ಟಿಯಾಗುತ್ತದೆ. ಕೈಗವಸು ಹಾಕಿಕೊಳ್ಳಿ. ಚಿಪ್ಪಿನ ಅಂಚು ಹಾಳೆಗೆ ತಾಗುವ ಕಡೆ ಮಾತ್ರ ಅಂಟು ಸಾಕು. ಬಿಸಿ ಅಂಟಿನ ಗನ್ ಸುಲಭ ಅನಿಸುತ್ತದೆ, ಆದರೆ ನುಣುಪು ಚಿಪ್ಪಿಗೆ ಅದು ಗಟ್ಟಿಯಾಗಿ ಹಿಡಿಯುವುದಿಲ್ಲ. ಒಂದು ದಿನ ಮಲಗಿಸಿಯೇ ಇಡಿ.

## ಹಂತ 8: ವಾರ್ನಿಶ್, ಹಿಂಬದಿಗೂ

ವಾರ್ನಿಶ್ ಹಚ್ಚುವ ಬೆಳಿಗ್ಗೆ ಫಲಕವನ್ನು ಎರಡು ಗಂಟೆ ಬಿಸಿಲಿಗಿಟ್ಟು, ತಣ್ಣಗಾದ ಮೇಲೆ ಶುರು ಮಾಡಿ. ಮೊದಲು ಹಿಂಬದಿ, ಆಮೇಲೆ ನಾಲ್ಕೂ ಅಂಚು, ದಬ್ಬೆ, ಹುರಿಯ ತೂತು, ಕೊನೆಗೆ ಎದುರು. ಎದುರು ಮಾತ್ರ ಹಚ್ಚಿದರೆ ಹಿಂಬದಿ ತೇವ ಕುಡಿದು ಫಲಕ ದೋಣಿಯ ಹಾಗೆ ಬಾಗುತ್ತದೆ. ನನ್ನ ಮೊದಲ ಫಲಕಕ್ಕೆ ಆದದ್ದೂ ಇದೇ. ತೆಳುವಾಗಿ ಎರಡು ಕೋಟ್, ನಡುವೆ ಒಂದು ದಿನ. ಎರಡನೆಯದಕ್ಕೆ ಮೊದಲು 220ರ ಪೇಪರ್‌ನಿಂದ ಒಮ್ಮೆ ಸವರಿ.

ಮೋಡ ಕವಿದ ದಿನ ಹಚ್ಚಬೇಡಿ. ಅಂಗಳದಲ್ಲೇ ಮಾಡಿ, ಒಲೆ, ದೀಪ ಹತ್ತಿರ ಇರಬಾರದು. ವಾರ್ನಿಶ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಬಿಸಿಯಾಗಿ ಬೆಂಕಿ ಹಿಡಿಯಬಹುದು. ಹರಡಿ ಒಣಗಿಸಿ, ಆಮೇಲೆ ಬಿಸಾಡಿ.

## ಹಂತ 9: ತೂಗು ಹಾಕುವುದು

ಹವಾಯಿ ಚಪ್ಪಲಿಯಿಂದ ಅರ್ಧ ಇಂಚು ಚೌಕದ ನಾಲ್ಕು ತುಂಡು ಕತ್ತರಿಸಿ ಹಿಂಬದಿಯ ಮೂಲೆಗಳಿಗೆ, ದಬ್ಬೆಯ ತುದಿಗೆ ಅಂಟಿಸಿ. ಫಲಕದ ಹಿಂದೆ ಗಾಳಿ ಹೋಗಬೇಕು. ಕಬ್ಬಿಣದ ಮೊಳೆ ನಮ್ಮ ಉಪ್ಪುಗಾಳಿಗೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ಗೋಡೆ ಮೇಲೆ ಕಂದು ನೀರು ಇಳಿಸುತ್ತದೆ. ಡ್ರಿಲ್ ಮಾಡಿ ಪ್ಲಾಸ್ಟಿಕ್ ಗುಳ್ಳಿ ಹಾಕಿ, ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಬಿಗಿಯಿರಿ. ಚಿರೆಕಲ್ಲಿನ ಗೋಡೆಗೆ ಸುತ್ತಿಗೆಯಿಂದ ಹೊಡೆದರೆ ಗಾರೆ ಉದುರುತ್ತದೆ.

## ಮಳೆಗಾಲದಲ್ಲಿ ಗಮನಿಸಬೇಕಾದ್ದು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 15 ದಿನಕ್ಕೊಮ್ಮೆ ಫಲಕ ಇಳಿಸಿ ಹಿಂಬದಿ ನೋಡಿ, ಮೂಸಿ ನೋಡಿ. ಬೂಷ್ಟು ಕಣ್ಣಿಗೆ ಕಾಣುವ ಮೊದಲು ಮೂಗಿಗೆ ಗೊತ್ತಾಗುತ್ತದೆ.

ಹಿಂಬದಿಯಲ್ಲಿ ಬೂದು ಚುಕ್ಕೆ ಕಂಡರೆ ಒಣ ಬಟ್ಟೆಯಿಂದ ಅಂಗಳದಲ್ಲಿ ಒರೆಸಿ, ವಿನೆಗರ್‌ನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ, ಫ್ಯಾನ್ ಕೆಳಗೆ ಒಣಗಿಸಿ. ವಿನೆಗರ್ ಚಿಪ್ಪಿಗೆ ತಾಗದಿರಲಿ. ಚಿಪ್ಪಿನ ಬುಡದಲ್ಲಿ ಬಿಳಿ ಪುಡಿ ಬಂದರೆ ಉಪ್ಪು ಉಳಿದಿತ್ತು ಅಂತ ಅರ್ಥ. ಆ ಚಿಪ್ಪು ಕಿತ್ತು, ಮತ್ತೆ ಸಿಹಿನೀರಲ್ಲಿ ನೆನೆಸಿ, ಬಿಸಿಲು ಬಂದಾಗ ಅಂಟಿಸಿ. ಮೂಲೆ ಮೇಲೇಳುತ್ತಿದ್ದರೆ ಅಲ್ಲಿ ವಾರ್ನಿಶ್ ತಪ್ಪಿದೆ. ಮಳೆಯಲ್ಲೇ ಅದರ ಮೇಲೆ ಹೊಸದಾಗಿ ಹಚ್ಚಿದರೆ ತೇವ ಒಳಗೇ ಸಿಕ್ಕಿಬೀಳುತ್ತದೆ. ಫಲಕ ಇಳಿಸಿ, ಹಲಗೆ ಮಧ್ಯೆ ಒತ್ತಿಟ್ಟು, ಒಣ ಕಪಾಟಿನಲ್ಲಿಡಿ. ನವೆಂಬರ್ ಬಿಸಿಲು ಬಂದ ಮೇಲೆ ಮತ್ತೆ ತಕ್ಕಡಿ ತೆಗೆದು, ಹಂತ 3ರ ಹಾಗೆ ತೂಕ ನಿಲ್ಲುವವರೆಗೆ ಒಣಗಿಸಿ, ಆಮೇಲೆ ಒಂದು ಕೋಟ್ ಹಚ್ಚಿ.